ಗಣಕಯಂತ್ರದ ಕಾವಲಿನ ವಿಷಯವಾಗಿ

ನಮ್ಮ ಪಾಠಶಾಲೆಯ ಪೂರ್ವವಿದ್ಯಾರ್ಥಿನಿಯರೂ ಈಗಿನ ಬಾಲಿಕೆಯರ ತಾಯಿತಂದೆಗಳೂ ಕೆಲವು ಕಾಲದಿಂದ ನಮ್ಮನ್ನು ಒಂದೇ ಪ್ರಶ್ನೆ ಕೇಳುತ್ತ ಬಂದಿರುವರು. ಕಂಪ್ಯೂಟರಿಗೆ ಆಂಟಿವೈರಸ್ ಎಂಬ ಕಾವಲನ್ನು ವರುಷವರುಷವೂ ಹಣ ತೆತ್ತು ಹಾಕಿಸಲೇಬೇಕೋ, ಬೇರೆ ದಾರಿಯುಂಟೋ ಎಂಬುದೇ ಆ ಪ್ರಶ್ನೆ. ಕಡೂರಿನಲ್ಲಿ ಅಂಗಡಿಯಿಟ್ಟವರು, ತರೀಕೆರೆಯಲ್ಲಿ ಅಡಿಕೆಯ ಲೆಕ್ಕ ಬರೆಯುವವರು, ಅಜ್ಜಂಪುರದಲ್ಲಿ ಮಗಳ ಓದಿಗೆಂದು ಲ್ಯಾಪ್‌ಟಾಪ್ ಕೊಂಡವರು, ಎಲ್ಲರ ದೂರೂ ಒಂದೇ ಬಗೆಯದು. ಯಂತ್ರವು ನಿಧಾನವಾಗುವುದು, ಕೆಲಸದ ನಡುವೆ ಅವಧಿ ಮುಗಿಯಿತು, ಹಣ ಕಟ್ಟಿರೆಂಬ ಸೂಚನೆ ಮತ್ತೆ ಮತ್ತೆ ತೋರುವುದು, ಇಷ್ಟಾದರೂ ಪೆನ್‌ಡ್ರೈವಿನೊಡನೆ ವೈರಸ್ಸು ಬಂದೇ ಬರುವುದು. ನಮ್ಮ ಕಚೇರಿಗೂ ಈ ಬೇಸರ ಹೊಸದಲ್ಲ. ಹತ್ತನೆಯ ತರಗತಿಯವರ ಹೆಸರುಗಳನ್ನು ಪರೀಕ್ಷೆಗೆ ದಾಖಲಿಸುವ ಕಡೆಯ ದಿನಗಳಲ್ಲಿ ಯಂತ್ರವು ತನ್ನ ತಪಾಸಣೆಯಲ್ಲೇ ಮುಳುಗಿದರೆ ಕೆಲಸವೆಲ್ಲ ಅವಸರಕ್ಕೆ ಬೀಳುವುದು. ಆ ಅವಸರದಲ್ಲಿ ನುಸುಳಿದ ಒಂದು ಜನ್ಮದಿನಾಂಕದ ತಪ್ಪು ಹುಡುಗಿಯನ್ನು ಬಹುಕಾಲ ಕಾಡಬಲ್ಲುದು.

ಈ ಕಾವಲಿನ ರೀತಿಯನ್ನು ಮೊದಲು ತಿಳಿಯಬೇಕು. ಪೋಲೀಸ್ ಠಾಣೆಯಲ್ಲಿ ಕಳ್ಳರ ಬೆರಳಚ್ಚುಗಳಿರುವಂತೆ ಇದರಲ್ಲಿ ತಿಳಿದ ವೈರಸ್ಸುಗಳ ಗುರುತಿನ ಪಟ್ಟಿಯಿರುವುದು. ತೆರೆಯುವ ಕಡತವನ್ನು ತಡೆದು ಪಟ್ಟಿಯೊಡನೆ ಹೋಲಿಸುವುದು. ಪಟ್ಟಿಯಲ್ಲಿಲ್ಲದ ಹೊಸ ಕಳ್ಳನನ್ನು ನಡತೆಯಿಂದ ಊಹಿಸುವುದು. ಆದಕಾರಣ ಹಳೆಯ ಯಂತ್ರವು ಏದುಸಿರು ಬಿಡುವುದು. ಇಂಥ ಎರಡು ಕಾವಲುಗಳನ್ನು ಒಟ್ಟಿಗೆ ಹಾಕಿದ ಮನೆಗಳೂ ಉಂಟು; ಒಬ್ಬರನ್ನೊಬ್ಬರು ಕಳ್ಳರೆಂದು ಹಿಡಿಯುವ ಆ ಜವಾನರಿಬ್ಬರ ಕಥೆಯನ್ನು ಬೇರೆ ಹೇಳಬೇಕಾಗಿಲ್ಲ.

ಕಾವಲುಗಾರನೇ ಮನೆ ಕೆಡಿಸಿದ್ದೂ ಉಂಟು. ೨೦೧೦ರ ಏಪ್ರಿಲಿನಲ್ಲಿ ಮೆಕಾಫೀ ಪಟ್ಟಿಯೊಂದು ವಿಂಡೋಸ್ ಎಕ್ಸ್‌ಪಿಯ ಅತ್ಯಗತ್ಯ ಕಡತವನ್ನೇ ವೈರಸ್ಸೆಂದು ಭಾವಿಸಿ ಅನೇಕ ಯಂತ್ರಗಳನ್ನು ನಿಲ್ಲಿಸಿತು. ೨೦೨೪ರ ಜುಲೈ ೧೯ರಂದು ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ತಂತ್ರಾಂಶದ ದೋಷದಿಂದ ಲೋಕದಲ್ಲಿ ಸುಮಾರು ೮೫ ಲಕ್ಷ ಯಂತ್ರಗಳು ಕೆಟ್ಟು, ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಬರಹದ ಚೀಟಿಗಳನ್ನು ಕೊಡಬೇಕಾಯಿತು. ಉಚಿತವೆಂದು ನೆಚ್ಚುವವರು ಇನ್ನೊಂದನ್ನು ಗಮನಿಸಬೇಕು: ಬಳಕೆದಾರರು ಅಂತರ್ಜಾಲದಲ್ಲಿ ನೋಡಿದ್ದರ ವಿವರವನ್ನು ಮಾರಿದ್ದಕ್ಕಾಗಿ ಅವಾಸ್ಟ್ ಕಂಪೆನಿಯು ೧ ಕೋಟಿ ೬೫ ಲಕ್ಷ ಡಾಲರು ತೆರಬೇಕೆಂದು ೨೦೨೪ರಲ್ಲಿ ಅಮೆರಿಕದಲ್ಲಿ ವಿಧಿಸಲಾಯಿತು. ಹೆಣ್ಣುಮಕ್ಕಳಿರುವ ಮನೆಯಲ್ಲಿ ಇದು ಸಣ್ಣ ಮಾತಲ್ಲ.

ಇನ್ನು ಬದಲಿಗಳು. ೨೦೧೨ರ ವಿಂಡೋಸ್ ೮ರಿಂದೀಚೆಗೆ ಡಿಫೆಂಡರ್ ಎಂಬ ಕಾವಲು ವಿಂಡೋಸಿನೊಳಗೇ ಬರುತ್ತಿರುವುದು. ಬೇರೆ ಹಣ ಬೇಕಿಲ್ಲ. ಹೊರಗಿನದನ್ನು ಕ್ರಮವಾಗಿ ತೆಗೆದುಹಾಕಿದರೆ ಇದು ತಾನಾಗಿ ಎಚ್ಚರಗೊಳ್ಳುವುದು. ಸಾಧಾರಣ ಮನೆಗೆ ಇಷ್ಟು ಸಾಕೆಂಬುದು ನಮ್ಮ ಅಭಿಪ್ರಾಯ. ಆದರೆ ಕಾವಲಿಗಿಂತ ಬಾಗಿಲ ದುರಸ್ತಿ ಮುಖ್ಯ. ೨೦೧೭ರ ಮೇ ತಿಂಗಳಲ್ಲಿ ಕಡತಗಳಿಗೆ ಬೀಗವಿಕ್ಕಿ ಹಣ ಕೇಳಿದ ವಾನಾಕ್ರೈ ನುಗ್ಗಿದ ಬಿರುಕಿಗೆ ಮೈಕ್ರೋಸಾಫ್ಟಿನವರು ಮಾರ್ಚಿಯಲ್ಲೇ ತೇಪೆ ಕೊಟ್ಟಿದ್ದರು. ಹಾಕಿಕೊಳ್ಳದವರೇ ಹೆಚ್ಚಾಗಿ ಕೆಟ್ಟರು. ಈಗಿನ ತೊಡಕೆಂದರೆ, ಕೆಲಕಾಲದ ವಿಶೇಷ ಏರ್ಪಾಡನ್ನು ಬಿಟ್ಟರೆ, ವಿಂಡೋಸ್ ೧೦ಕ್ಕೆ ಇಂಥ ತೇಪೆಗಳು ೨೦೨೫ರ ಅಕ್ಟೋಬರ್ ೧೪ಕ್ಕೆ ನಿಂತವು. ವಿಂಡೋಸ್ ೧೧ ಹಳೆಯ ಯಂತ್ರಗಳನ್ನು ಒಪ್ಪದು.

ಅಂಥ ಯಂತ್ರಗಳಿಗೆ ಲಿನಕ್ಸ್ ಉಂಟು. ಅದು ಕಷ್ಟವೆಂಬವರು ಕಾಸರಗೋಡಿನ ಕಡೆ ನೋಡಲಿ. ಕೇರಳ ಸರಕಾರವು ೨೦೦೧ರಲ್ಲಿ ತೊಡಗಿಸಿ ೨೦೧೭ರಿಂದ ಕೈಟ್ ಎಂದು ಹೆಸರಾದ ಯೋಜನೆಯಿಂದ ಅಲ್ಲಿಯ ಕನ್ನಡ ಮಾಧ್ಯಮದ ಮಕ್ಕಳೂ ಲಿನಕ್ಸಿನಲ್ಲೇ ಪಾಠ ಕಲಿಯುತ್ತಿರುವರು. ವಿಂಡೋಸಿಗಾಗಿ ಹೆಣೆದ ವೈರಸ್ಸು ಅಲ್ಲಿ ಸಾಮಾನ್ಯವಾಗಿ ಓಡದು. ಒಂದು ತೊಂದರೆಯನ್ನು ಮಾತ್ರ ಮುಚ್ಚಿಡಲಾಗದು: ನುಡಿ, ಬರಹಗಳ ಹಳೆಯ ಅಕ್ಷರಗಳಲ್ಲಿ ಬರೆದಿಟ್ಟ ಕಡತಗಳನ್ನು ಮೊದಲು ಯೂನಿಕೋಡಿಗೆ ತಿರುಗಿಸಿಕೊಳ್ಳಬೇಕಾಗುವುದು.

ಪೆನ್‌ಡ್ರೈವಿನ ವಿಷಯ. ಜೆರಾಕ್ಸ್ ಅಂಗಡಿಯಿಂದ ಬಂದ ಮೇಲೆ ಫೋಲ್ಡರುಗಳಿದ್ದ ಕಡೆ ಬಾಣದ ಗುರುತಿನ ಶಾರ್ಟ್‌ಕಟ್ಟುಗಳು ಕಂಡರೆ ಅವನ್ನು ಒತ್ತಬಾರದು. ಒತ್ತಿದರೆ ವೈರಸ್ಸು ಓಡುವುದು. ಬಹುಮಟ್ಟಿಗೆ ಒಳಗಿನ ಬರಹ ನಾಶವಾಗಿರದೆ ಮರೆಯಾಗಿ ಅಡಗಿರುವುದು; ಬಲ್ಲವರು ಹೊರತೆಗೆಯಬಲ್ಲರು. ಯಂತ್ರವನ್ನು ಶುದ್ಧಿಮಾಡುವ ಉಚಿತ ಸಾಧನವು ಕೇಂದ್ರ ಸರಕಾರದ ಸೈಬರ್ ಸ್ವಚ್ಛತಾ ಕೇಂದ್ರದಲ್ಲಿಯೂ ದೊರೆಯುವುದು. ಶಾಲೆಯಲ್ಲಿ ನಾವು ಈ ವರುಷದ ಚಂದಾಹಣವನ್ನು ಕಟ್ಟದೆ ಎರಡು ಹೊರ ಹಾರ್ಡ್‌ಡಿಸ್ಕುಗಳನ್ನು ಕೊಂಡೆವು. ಶನಿವಾರ ದಾಖಲೆಗಳ ಪ್ರತಿ ತೆಗೆದು, ತಂತಿ ಬಿಡಿಸಿ, ಒಂದನ್ನು ಬೀರುವಿನಲ್ಲಿಯೂ ಇನ್ನೊಂದನ್ನು ಬೇರೆ ಕಟ್ಟಡದಲ್ಲಿಯೂ ಇಡುತ್ತೇವೆ. ಯಂತ್ರಕ್ಕೆ ತಗಲಿಸಿಯೇ ಬಿಟ್ಟ ಪ್ರತಿಗೂ ಬೀಗ ಬೀಳಬಹುದಷ್ಟೆ.

ತಾಯಂದಿರಿಗೆ ಮೊಬೈಲಿನ ಮಾತೊಂದು. ವಾಟ್ಸಾಪಿನಲ್ಲಿ ಮದುವೆಯ ಕರೆಯೋಲೆಯೆಂದೋ ದಂಡದ ಚೀಟಿಯೆಂದೋ ಬರುವ ಎ.ಪಿ.ಕೆ. ಕಡತವನ್ನು, ಕಳುಹಿಸಿದವರು ನೆಂಟರೇ ಆದರೂ, ತೆರೆಯಬೇಡಿರಿ. ಅವರ ಮೊಬೈಲೇ ಕಳ್ಳರ ವಶವಾಗಿರಬಹುದು. ಹಣ ಹೋಯಿತೆಂದು ತಿಳಿದ ಕೂಡಲೆ ೧೯೩೦ಕ್ಕೆ ಕರೆಮಾಡಿ, ಅನಂತರ ಬ್ಯಾಂಕಿಗೆ ಹೋಗಿರಿ.