ದೊಡ್ಡ ಫೈಲುಗಳನ್ನು ಕಳುಹಿಸುವಾಗ ವಿ.ಪಿ.ಎನ್. ಸಂಪರ್ಕವು ಕಡಿದುಹೋಗುವಿಕೆ: ಲಕ್ಷಣಗಳು, ಕಾರಣಗಳು ಮತ್ತು ನಿವಾರಣೋಪಾಯಗಳು

ಗ್ರಾಮದ ಲೆಕ್ಕಪತ್ರಗಳು ಕಾಗದವನ್ನು ಬಿಟ್ಟು ಕಂಪ್ಯೂಟರನ್ನು ಸೇರಿ ಈಗ ಬಹುಕಾಲವಾಯಿತು. ಕರ್ನಾಟಕದಲ್ಲಿ ಭೂಮಿ ಯೋಜನೆಯ ಮೂಲಕ ಪಹಣಿಗಳು 2000ದ ಸುಮಾರಿನಲ್ಲಿ ಕಂಪ್ಯೂಟರಿಗೆ ಏರಿದುವು. ಜನವಸತಿಯ ಆಸ್ತಿಗಳನ್ನು ಡ್ರೋನಿನ ಸಹಾಯದಿಂದ ಅಳೆಯುವ ಸ್ವಾಮಿತ್ವ ಯೋಜನೆಯು 2020ರಲ್ಲಿ ಪ್ರಾರಂಭವಾಯಿತು. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸರ್ಕಾರವು 2022ರಲ್ಲಿ ಮಂಜೂರಾತಿಯನ್ನು ಕೊಟ್ಟಿತು. ಇವುಗಳ ಫಲವಾಗಿ ನಕ್ಷೆಗಳು, ಛಾಯಾಚಿತ್ರಗಳು, ವರ್ಷದ ಲೆಕ್ಕಗಳ ಪ್ರತಿಗಳು ಮುಂತಾದ ಭಾರಿ ಫೈಲುಗಳನ್ನು ಊರಿನಿಂದ ದೂರದ ಕಾರ್ಯಾಲಯಗಳಿಗೆ ಕಳುಹಿಸಬೇಕಾದ ಸಂದರ್ಭಗಳು ಹೆಚ್ಚುತ್ತಿರುವುವು. ಸಂಘಗಳೂ, ದೊಡ್ಡ ತೋಟಗಳ ಮಾಲಿಕರೂ ಈ ಕೆಲಸಕ್ಕೆ ವಿ.ಪಿ.ಎನ್. ಎಂಬ ಗುಪ್ತಮಾರ್ಗವನ್ನು ಉಪಯೋಗಿಸುವುದುಂಟು.

ಈ ಮಾರ್ಗದ ವಿಷಯವಾಗಿ ಸಾಮಾನ್ಯವಾಗಿ ಕೇಳಿಬರುವ ದೂರು ಒಂದೇ ವಿಧವಾದುದು. ಸಣ್ಣ ಪತ್ರಗಳು ಸಲೀಸಾಗಿ ಹೋಗುವುವು. ದೊಡ್ಡ ಫೈಲನ್ನು ಕಳುಹಿಸಲು ತೊಡಗಿದೊಡನೆಯೋ, ಮಧ್ಯದಲ್ಲಿಯೋ ಸಂಪರ್ಕವು ಕಡಿದುಹೋಗುವುದು. ಆಗ ಕೆಲವರು ತಂತಿಯ ಕಂಪೆನಿಯನ್ನು ದೂರುವರು. ಕೆಲವರು ಹೊಸ ಯಂತ್ರವನ್ನು ಕೊಳ್ಳುವರು. ಮತ್ತೆ ಕೆಲವರು ಬೇಸತ್ತು ವಿ.ಪಿ.ಎನ್. ಅನ್ನೇ ಆರಿಸಿ, ಫೈಲನ್ನು ಬಯಲು ಮಾರ್ಗದಲ್ಲಿ ಕಳುಹಿಸಿಬಿಡುವರು. ಈ ಕಡೆಯ ಉಪಾಯವು ರೋಗಕ್ಕಿಂತಲೂ ಕೆಟ್ಟುದು. ಸಂಪರ್ಕವು ಯಾವ ಘಳಿಗೆಯಲ್ಲಿ ಕಡಿಯುವುದೆಂಬುದನ್ನು ಗಮನಿಸಿದರೆ ಕಾರಣವನ್ನು ಬಹುಮಟ್ಟಿಗೆ ಗೊತ್ತುಮಾಡಬಹುದು. ಪರಿಹಾರಕ್ಕೆ ತಗಲುವ ವೆಚ್ಚವೂ ಅನೇಕ ವೇಳೆ ಏನೂ ಇರುವುದಿಲ್ಲ.

ವಿ.ಪಿ.ಎನ್. ಎಂದರೇನು?

ಇಂಟರ್‌ನೆಟ್ಟಿನಲ್ಲಿ ಯಾವ ಫೈಲೂ ಇಡಿಯಾಗಿ ಹೋಗುವುದಿಲ್ಲ. ಅದನ್ನು ಪ್ಯಾಕೆಟ್ ಎಂಬ ಸಣ್ಣ ಪೊಟ್ಟಣಗಳನ್ನಾಗಿ ಮಾಡಿ, ಒಂದೊಂದರ ಮೇಲೆಯೂ ವಿಳಾಸವನ್ನು ಬರೆದು ಸಾಗಿಸಲಾಗುವುದು. ವಿ.ಪಿ.ಎನ್. ಇಂತಹ ಪ್ರತಿಯೊಂದು ಪೊಟ್ಟಣವನ್ನೂ ಗೂಢಲಿಪಿಗೆ ತಿರುಗಿಸಿ, ಅದರ ಮೇಲೆ ಮತ್ತೊಂದು ಹೊದಿಕೆಯನ್ನು ಹೊದಿಸಿ, ಹೊಸ ವಿಳಾಸವನ್ನು ಬರೆಯುವುದು. ಆದುದರಿಂದ ದಾರಿಯಲ್ಲಿ ನೋಡುವವರಿಗೆ ಒಳಗಿನ ವಿಷಯವು ತಿಳಿಯದು. ಆದರೆ ಹೊದಿಕೆಗೂ ಗಾತ್ರವುಂಟು, ಗೂಢಲಿಪಿಯ ಕೀಲಿಗೂ ಅವಧಿಯುಂಟು, ಎರಡು ತುದಿಗಳ ಸಂಬಂಧಕ್ಕೂ ಆಗಾಗ್ಗೆ ಕುಶಲಪ್ರಶ್ನೆ ಬೇಕು. ಮುಂದೆ ಹೇಳುವ ತೊಂದರೆಗಳಲ್ಲಿ ಹೆಚ್ಚಿನವು ಈ ಮೂರರಿಂದಲೇ ಹುಟ್ಟುವುವು.

ಮೊದಲನೆಯ ಲಕ್ಷಣ: ಪ್ರಾರಂಭದಲ್ಲಿಯೇ ನಿಂತುಹೋಗುವುದು

ಸಂಪರ್ಕವೇರ್ಪಟ್ಟಿರುವುದು, ಸಣ್ಣ ಸಂದೇಶಗಳು ಹೋಗುವುವು. ಫೈಲು ಮಾತ್ರ ಅಲುಗದು. ಇದು ಗಾತ್ರದ ದೋಷದ ಗುರುತು. ಹುಲ್ಲಿನ ಬಂಡಿಯ ದೃಷ್ಟಾಂತದಿಂದ ಇದನ್ನು ತಿಳಿಯಬಹುದು. ಬರಿಯ ಬಂಡಿಯು ಊರಬಾಗಿಲಿನಲ್ಲಿ ಸುಲಭವಾಗಿ ನುಗ್ಗುವುದು. ಹುಲ್ಲನ್ನು ಎತ್ತರವಾಗಿ ಹೇರಿದ ಬಂಡಿಯು ಅಲ್ಲಿಯೇ ಸಿಕ್ಕಿಕೊಳ್ಳುವುದು.

ಸಾಧಾರಣವಾದ ಈಥರ್‌ನೆಟ್ ತಂತಿಯಲ್ಲಿ ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರವು 1500 ಬೈಟು. ಇದಕ್ಕೆ ಎಂ.ಟಿ.ಯು. ಎಂದು ಹೆಸರು. ಪಿ.ಪಿ.ಪಿ.ಓ.ಇ. ಎಂಬ ಕ್ರಮದಲ್ಲಿ ಮನೆಗೆ ಬರುವ ಸಂಪರ್ಕಗಳಲ್ಲಿ 8 ಬೈಟು ಹೊದಿಕೆಗೆ ಹೋಗಿ 1492 ಮಾತ್ರ ಉಳಿಯುವುದು. ವೈರ್‌ಗಾರ್ಡ್ ಎಂಬ ವಿ.ಪಿ.ಎನ್. ತಂತ್ರಾಂಶವು ತನ್ನ ಹೊದಿಕೆಗಾಗಿ ಹಳೆಯ ನಾಲ್ಕನೆಯ ಪದ್ಧತಿಯ ವಿಳಾಸಗಳಲ್ಲಿ 60 ಬೈಟನ್ನೂ, ಹೊಸ ಆರನೆಯ ಪದ್ಧತಿಯ ವಿಳಾಸಗಳಲ್ಲಿ 80 ಬೈಟನ್ನೂ ತೆಗೆದುಕೊಳ್ಳುವುದು. ಇದನ್ನು ಲೆಕ್ಕಿಸದೆ ಒಳಗಿನ ಪೊಟ್ಟಣವನ್ನು ಪೂರ್ಣ ಗಾತ್ರದಲ್ಲಿ ಕಟ್ಟಿದರೆ ಹೊದಿಸಿದ ಮೇಲೆ ಅದು ಬಾಗಿಲನ್ನು ಮೀರುವುದು.

ಇಂತಹ ಸಂದರ್ಭದಲ್ಲಿ ದಾರಿಯ ರೌಟರು “ಹೊರೆ ದೊಡ್ಡದಾಯಿತು, ಇಷ್ಟಕ್ಕೆ ಇಳಿಸಿರಿ” ಎಂದು ಕಳುಹಿಸಿದವರಿಗೆ ತಿಳಿಸತಕ್ಕದ್ದು. ಅದನ್ನು ಕೇಳಿ ಕಳುಹಿಸುವವರು ಗಾತ್ರವನ್ನು ತಗ್ಗಿಸತಕ್ಕದ್ದು. ಈ ವ್ಯವಸ್ಥೆಯು 1990ರಲ್ಲಿಯೇ ಗೊತ್ತಾಗಿದೆ. ಆದರೆ ಕೆಲವು ಕಾರ್ಯಾಲಯಗಳ ಕಾವಲು ಯಂತ್ರಗಳು, ಭದ್ರತೆಯ ನೆಪದಿಂದ, ಐ.ಸಿ.ಎಂ.ಪಿ. ಎಂಬ ಈ ಬಗೆಯ ಸೂಚನೆಗಳನ್ನೆಲ್ಲಾ ತಡೆದುಬಿಡುವುವು. ಬಾಗಿಲಿನ ತಳವಾರನ ಬಾಯಿಯನ್ನು ಕಟ್ಟಿದಂತಾಗುವುದು. ಬಂಡಿಯು ಸಿಕ್ಕಿಕೊಂಡಿರುವ ಸಂಗತಿಯು ಯಾರಿಗೂ ತಿಳಿಯದೆ, ಕಳುಹಿಸುವವರು ಅದೇ ಹೊರೆಯನ್ನು ಮತ್ತೆ ಮತ್ತೆ ಹೇರುತ್ತಿರುವರು.

ಪರೀಕ್ಷೆ: ಮೊದಲು ವಿ.ಪಿ.ಎನ್. ಅನ್ನು ನಿಲ್ಲಿಸಿ, ದೂರದ ತುದಿಯ ಹೊರವಿಳಾಸಕ್ಕೆ ಪಿಂಗ್ ಎಂಬ ಪರೀಕ್ಷೆಯನ್ನು ನಡೆಸಬೇಕು. ವಿಂಡೋಸ್ ಯಂತ್ರಗಳಲ್ಲಿ ಪಿಂಗ್ ಎಂಬುದರ ಮುಂದೆ, ಹಿಂದೆ ಅಡ್ಡಗೆರೆಯಿರುವ ಎಫ್ ಅಕ್ಷರವನ್ನು ಕೊಟ್ಟರೆ ಪೊಟ್ಟಣವನ್ನು ಒಡೆಯಬಾರದೆಂದೂ, ಅದೇ ರೀತಿ ಎಲ್ ಅಕ್ಷರವನ್ನು ಕೊಟ್ಟು ಸಂಖ್ಯೆಯನ್ನು ಬರೆದರೆ ಅಷ್ಟು ಗಾತ್ರವಿರಬೇಕೆಂದೂ ಅರ್ಥ. 1472ರಿಂದ ಆರಂಭಿಸಿ, ಉತ್ತರ ಬರುವವರೆಗೆ ಸಂಖ್ಯೆಯನ್ನು ಇಳಿಸುತ್ತಾ ಹೋಗಬೇಕು. ಉತ್ತರ ಬಂದ ಅತಿ ದೊಡ್ಡ ಸಂಖ್ಯೆಗೆ 28ನ್ನು ಕೂಡಿದರೆ ಮಾರ್ಗದ ನಿಜವಾದ ಅಳತೆಯು ದೊರೆಯುವುದು. 1464ಕ್ಕೆ ಉತ್ತರ ಬಂದರೆ ಅಳತೆಯು 1492. ಅತಿ ಸಣ್ಣ ಗಾತ್ರಕ್ಕೂ ಉತ್ತರ ಬಾರದಿದ್ದರೆ ಆ ವಿಳಾಸದಲ್ಲಿ ಪಿಂಗ್ ನಿಷೇಧವಿರಬಹುದು, ದೋಷವೆಂದು ಭಾವಿಸಬಾರದು.

ಚಿಕಿತ್ಸೆ: ದೊರೆತ ಅಳತೆಯಿಂದ ಹೊದಿಕೆಯ ಪಾಲನ್ನು ಕಳೆದು, ಉಳಿದುದನ್ನು ವಿ.ಪಿ.ಎನ್. ತಂತ್ರಾಂಶದಲ್ಲಿ ಎಂ.ಟಿ.ಯು. ಆಗಿ ನಮೂದಿಸತಕ್ಕದ್ದು. ಮೇಲಿನ ಉದಾಹರಣೆಯಲ್ಲಿ 1492ರಿಂದ 80ನ್ನು ಕಳೆದು 1412 ಎಂದು ಇಟ್ಟರೆ ಎರಡು ಪದ್ಧತಿಯ ವಿಳಾಸಗಳಿಗೂ ಸಾಲುವುದು. ಕಾರ್ಯಾಲಯದ ತಾಂತ್ರಿಕ ನೌಕರರು ರೌಟರಿನಲ್ಲಿ ಎಂ.ಎಸ್.ಎಸ್. ಮಿತಿಯನ್ನು ಇದಕ್ಕಿಂತ 40 ಬೈಟು ಕಡಿಮೆಯಾಗಿ, ಎಂದರೆ 1372ಕ್ಕೆ, ಕಟ್ಟಿದರೆ ಪ್ರತಿ ಯಂತ್ರವನ್ನೂ ಬೇರೆ ಬೇರೆಯಾಗಿ ತಿದ್ದುವ ಶ್ರಮವು ತಪ್ಪುವುದು.

ಎರಡನೆಯ ಲಕ್ಷಣ: ಗೊತ್ತಾದ ವೇಳೆಯಲ್ಲಿ ಕಡಿಯುವುದು

ಪ್ರತಿಸಲವೂ ಸುಮಾರು ಅಷ್ಟೇ ನಿಮಿಷಗಳಾದ ಮೇಲೆ ಸಂಪರ್ಕವು ಹೋಗುವುದಾದರೆ ತಂತಿಯ ದೋಷವೆಂದು ಶಂಕಿಸಲು ಕಾರಣವಿಲ್ಲ. ತಂತಿಯು ಗಡಿಯಾರವನ್ನು ನೋಡಿ ಕೆಡುವುದಿಲ್ಲ. ಇದು ಕೀಲಿಯ ಅವಧಿಯ ಅಥವಾ ಕಾರ್ಯಾಲಯವು ಗೊತ್ತುಮಾಡಿದ ಕಾಲಮಿತಿಯ ಗುರುತು.

ಓಪನ್‌ವಿಪಿಎನ್ ಎಂಬ ತಂತ್ರಾಂಶವು, ಬೇರೆ ಏರ್ಪಾಡನ್ನು ಮಾಡದಿದ್ದರೆ, 3600 ಸೆಕೆಂಡಿಗೊಮ್ಮೆ, ಎಂದರೆ ಗಂಟೆಗೊಮ್ಮೆ, ಗೂಢಲಿಪಿಯ ಕೀಲಿಯನ್ನು ಬದಲಿಸುವುದು. ಒಂದು ಸಲಕ್ಕೆ ಮಾತ್ರ ಸಲ್ಲುವ ಗುಪ್ತಸಂಖ್ಯೆಯನ್ನು ಮೊಬೈಲಿಗೆ ಕಳುಹಿಸುವ ಕ್ರಮವಿದ್ದಲ್ಲಿ, ಈ ಬದಲಾವಣೆಯ ಕಾಲದಲ್ಲಿ ಹೊಸ ಸಂಖ್ಯೆಯು ದೊರೆಯದೆ ಸಂಪರ್ಕವು ಮುರಿಯಬಹುದು. 1000 ಮೆಗಾಬೈಟಿನ ಫೈಲನ್ನು ಸೆಕೆಂಡಿಗೆ 2 ಮೆಗಾಬಿಟ್ಟು ಏರಿಸುವ ತಂತಿಯಲ್ಲಿ ಕಳುಹಿಸಲು 4000 ಸೆಕೆಂಡು ಹಿಡಿಯುವುದು. ಇದು ಒಂದು ಗಂಟೆಯನ್ನು ಮೀರುವುದರಿಂದ ಆ ಫೈಲು ಎಷ್ಟು ಸಲ ಪ್ರಯತ್ನಿಸಿದರೂ ಮುಗಿಯದು. 800 ಮೆಗಾಬೈಟಿನದು 3200 ಸೆಕೆಂಡಿನಲ್ಲಿ ಮುಗಿದುಹೋಗುವುದು. ಕಾರಣವನ್ನರಿಯದವರಿಗೆ ಇದು ವಿಚಿತ್ರವಾಗಿ ತೋರುವುದು.

ಕೀಲಿಯು ಕಾಲದಿಂದಲ್ಲದೆ ಸಾಗಿದ ಪ್ರಮಾಣದಿಂದಲೂ ಬದಲಾಗಬಹುದು. 2016ರಲ್ಲಿ ಸ್ವೀಟ್32 ಎಂಬ ದೋಷವು ಬೆಳಕಿಗೆ ಬಂದ ತರುವಾಯ, ಓಪನ್‌ವಿಪಿಎನ್ ಹಳೆಯ 64 ಬಿಟ್ಟಿನ ಗೂಢಲಿಪಿಗಳಿಗೆ 64 ಮೆಗಾಬೈಟಿಗೊಮ್ಮೆ ಕೀಲಿಯನ್ನು ಬದಲಿಸುವ ಕ್ರಮವನ್ನು ಅನುಸರಿಸಿತು. ಇದಕ್ಕೆ ತಕ್ಕ ಪರಿಹಾರವು ಹಳೆಯ ಲಿಪಿಯನ್ನು ಬಿಟ್ಟು ಎ.ಇ.ಎಸ್. ಎಂಬ ಲಿಪಿಗೆ ಬದಲಾಯಿಸುವುದೇ ಹೊರತು, ಕೀಲಿಯ ಬದಲಾವಣೆಯನ್ನು ನಿಲ್ಲಿಸುವುದಲ್ಲ. ಕಾಲಮಿತಿಯ ವಿಷಯದಲ್ಲಿ ದೂರದ ಕಾರ್ಯಾಲಯಕ್ಕೆ ಬರೆದು ಅವಧಿಯನ್ನು ತಿಳಿದುಕೊಳ್ಳತಕ್ಕದ್ದು.

ಫೈಲು ಪೂರ್ತಿಯಾಗಿ ಹೋಗಿ ಕಟ್ಟಕಡೆಯಲ್ಲಿ “ವಿಫಲ” ಎಂದು ತೋರುವುದೂ ಉಂಟು. ಎಫ್.ಟಿ.ಪಿ. ಎಂಬ ಹಳೆಯ ಪದ್ಧತಿಯಲ್ಲಿ ಆಜ್ಞೆಗೆ ಒಂದು ದಾರಿ, ಸರಕಿಗೆ ಮತ್ತೊಂದು ದಾರಿ ಇರುವುವು. ಸರಕು ಸಾಗುವಷ್ಟು ಕಾಲವೂ ಆಜ್ಞೆಯ ದಾರಿಯು ಸುಮ್ಮನಿರುವುದರಿಂದ, ನಡುವಣ ಕಾವಲು ಯಂತ್ರವು ಅದನ್ನು ಪಾಳುಬಿದ್ದುದೆಂದು ತಿಳಿದು ಮುಚ್ಚಿಬಿಡುವುದು. ಎರಡಕ್ಕೂ ಒಂದೇ ದಾರಿಯನ್ನು ಬಳಸುವ ಎಸ್.ಎಫ್.ಟಿ.ಪಿ. ಪದ್ಧತಿಯನ್ನು ಅನುಸರಿಸಿದರೆ ಈ ತೊಂದರೆಯಿಲ್ಲ.

ಮೂರನೆಯ ಲಕ್ಷಣ: ಗೊತ್ತುಗುರಿಯಿಲ್ಲದೆ ಕಡಿಯುವುದು

ಒಮ್ಮೆ ಐದು ನಿಮಿಷಕ್ಕೆ, ಒಮ್ಮೆ ಇಪ್ಪತ್ತು ನಿಮಿಷಕ್ಕೆ ಕಡಿದರೆ, ಅದೇ ವೇಳೆಯಲ್ಲಿ ಮನೆಯ ಇತರರಿಗೂ ಇಂಟರ್‌ನೆಟ್ಟು ನಿಧಾನವಾಗಿ ತೋರಿದರೆ, ಇದು ದಾರಿಯು ತುಂಬಿಹೋದುದರ ಗುರುತು. ವಿ.ಪಿ.ಎನ್. ತುದಿಗಳೆರಡೂ ಬದುಕಿರುವೆವೆಂದು ಪರಸ್ಪರ ಸಣ್ಣ ಸಂದೇಶಗಳನ್ನು ಕಳುಹಿಸುತ್ತಿರುವುವು. 10 ಸೆಕೆಂಡಿಗೊಂದು ಸಂದೇಶ, 60 ಸೆಕೆಂಡು ಏನೂ ಬಾರದಿದ್ದರೆ ಸಂಪರ್ಕವು ಸತ್ತಿತೆಂದು ಲೆಕ್ಕ, ಎಂಬಂತೆ ಏರ್ಪಾಡಿರುವುದು. ದೊಡ್ಡ ಫೈಲಿನ ಪ್ಯಾಕೆಟ್ಟುಗಳು ರೌಟರಿನ ಮುಂದೆ ಸಾಲುಗಟ್ಟಿದಾಗ ಈ ಸಣ್ಣ ಸಂದೇಶವು ಸಂತೆಯ ಬಂಡಿಗಳ ಹಿಂದೆ ಸಿಕ್ಕಿದ ಓಲೆಕಾರನಂತೆ ತಡವಾಗುವುದು, ಇಲ್ಲವೆ ಕಳೆದೇಹೋಗುವುದು.

ಇದಕ್ಕೆ ಕಳುಹಿಸುವ ವೇಗವನ್ನು ತಂತಿಯ ಏರಿಕೆಯ ಶಕ್ತಿಯ ಹತ್ತರಲ್ಲಿ ಎಂಟು ಪಾಲಿಗೆ ಮಿತಗೊಳಿಸುವುದು ಒಳ್ಳೆಯ ಉಪಾಯ. ವೇಗವನ್ನು ಇಳಿಸಿದರೆ ಕೆಲಸವು ಬೇಗ ಮುಗಿಯುವುದೆಂಬುದು ನಂಬಲು ಕಷ್ಟವಾದರೂ, ಕಾಲುವೆಯ ತೂಬನ್ನು ಪೂರ್ತಿ ತೆರೆದು ಏರಿಯನ್ನು ಒಡೆಸಿಕೊಂಡವರಿಗೆ ಇದು ಹೊಸದಲ್ಲ. ವೈ-ಫೈ ಬದಲು ತಂತಿಯಿಂದಲೇ ಕಂಪ್ಯೂಟರನ್ನು ರೌಟರಿಗೆ ಸೇರಿಸತಕ್ಕದ್ದು. ವಿ.ಪಿ.ಎನ್. ತಂತ್ರಾಂಶದಲ್ಲಿ ಟಿ.ಸಿ.ಪಿ., ಯು.ಡಿ.ಪಿ. ಎಂಬ ಎರಡು ಕ್ರಮಗಳಿದ್ದರೆ ಯು.ಡಿ.ಪಿ. ಅನ್ನೇ ಆರಿಸಿಕೊಳ್ಳತಕ್ಕದ್ದು. ಟಿ.ಸಿ.ಪಿ.ಯಲ್ಲಿ ಕಳೆದುಹೋದ ಪ್ಯಾಕೆಟ್ಟನ್ನು ಒಳಗಿನವರೂ ಹೊರಗಿನವರೂ ಇಬ್ಬರೂ ಮತ್ತೆ ಕಳುಹಿಸಲು ಯತ್ನಿಸಿ ದಟ್ಟಣೆಯು ಇಮ್ಮಡಿಸುವುದು.

ಕಳುಹಿಸುವಾಗ ಅನುಸರಿಸತಕ್ಕ ಕ್ರಮ

ದೋಷವು ತಿದ್ದುವವರೆಗೂ ಕೆಲಸವನ್ನು ನಿಲ್ಲಿಸಬೇಕಾಗಿಲ್ಲ. ದೊಡ್ಡ ಫೈಲನ್ನು ತುಂಡುಗಳನ್ನಾಗಿ ಮಾಡಿ ಕಳುಹಿಸಬಹುದು. 1000 ಮೆಗಾಬೈಟನ್ನು ಹತ್ತು ಪಾಲು ಮಾಡಿದರೆ, ಮೇಲೆ ಹೇಳಿದ ತಂತಿಯಲ್ಲಿ ಒಂದೊಂದಕ್ಕೆ ಏಳು ನಿಮಿಷಕ್ಕಿಂತ ಕಡಿಮೆ ಸಾಕು. ಕಡಿದರೂ ಒಂದು ಪಾಲಿನ ಶ್ರಮ ಮಾತ್ರ ನಷ್ಟ. ಆರ್‌ಸಿಂಕ್ ಮುಂತಾದ, ನಿಂತಲ್ಲಿಂದಲೇ ಮುಂದುವರಿಸಬಲ್ಲ ಸಾಧನಗಳು ಇನ್ನೂ ಉತ್ತಮ. ಫೈಲು ಮುಟ್ಟಿದ ಮೇಲೆ ಎರಡು ತುದಿಗಳಲ್ಲಿಯೂ ಎಸ್.ಎಚ್.ಎ. 256 ಎಂಬ ತಾಳೆಯನ್ನು ತೆಗೆದು, ಅದರ 64 ಅಕ್ಷರಗಳೂ ಒಂದೇ ಆಗಿವೆಯೇ ಎಂದು ನೋಡತಕ್ಕದ್ದು. ಒಂದು ಅಕ್ಷರವು ಬೇರೆಯಾದರೂ ಫೈಲು ಕೆಟ್ಟಿದೆಯೆಂದು ತಿಳಿಯಬೇಕು. ಅರ್ಧ ಬಂದ ನಕ್ಷೆಯನ್ನು ಪೂರ್ಣವೆಂದು ದಾಖಲೆಗೆ ಸೇರಿಸಿದರೆ, ಆ ತಪ್ಪು ಮುಂದೆ ಗಡಿಯ ವ್ಯಾಜ್ಯವಾಗಿ ಬೆಳೆಯಬಹುದು.

ಪ್ರತಿ ಕಾರ್ಯಾಲಯದಲ್ಲಿಯೂ ಒಂದು ಪುಸ್ತಕವನ್ನಿಟ್ಟು, ಸಂಪರ್ಕವು ಕಡಿದಾಗಲೆಲ್ಲಾ ತಾರೀಖು, ಪ್ರಾರಂಭಿಸಿದ ಗಂಟೆ, ಕಡಿದ ಗಂಟೆ, ಫೈಲಿನ ಗಾತ್ರ, ಹೋದ ಪ್ರಮಾಣ ಇವುಗಳನ್ನು ಬರೆಯತಕ್ಕದ್ದು. ನಾಲ್ಕೈದು ಸಾಲುಗಳು ತುಂಬುವುದರೊಳಗಾಗಿ ಮೂರು ಲಕ್ಷಣಗಳಲ್ಲಿ ಯಾವುದೆಂಬುದು ತೋರಿಬರುವುದು. ಒಂದು ಸಲಕ್ಕೆ ಒಂದೇ ಏರ್ಪಾಡನ್ನು ಬದಲಿಸಿ ಪರೀಕ್ಷಿಸಬೇಕು. ಒಂದೇ ದಿನ ಗೊಬ್ಬರವನ್ನೂ ಔಷಧಿಯನ್ನೂ ಹಾಕಿದವನಿಗೆ ಯಾವುದರಿಂದ ಪೈರು ಚೇತರಿಸಿತೆಂದು ತಿಳಿಯಲಾರದು.

ಎಚ್ಚರಿಕೆ

ವಿ.ಪಿ.ಎನ್. ಅನ್ನು ಆರಿಸಿ ಫೈಲನ್ನು ಬಯಲಿನಲ್ಲಿ ಕಳುಹಿಸುವುದನ್ನು ಎಂದಿಗೂ ಅಭ್ಯಾಸಮಾಡಬಾರದು. ಸಂಘದ ಫೈಲಿನಲ್ಲಿ ನೂರಾರು ಮಂದಿ ರೈತರ ಹೆಸರು, ಸರ್ವೆ ನಂಬರು, ಬ್ಯಾಂಕಿನ ಖಾತೆ, ಆಧಾರ್ ಸಂಖ್ಯೆ, ಸಾಲದ ವಿವರಗಳಿರುವುವು. ಇವು ಪರರ ಕೈಸೇರಿದರೆ ನಷ್ಟವು ಕಳುಹಿಸಿದವರಿಗಲ್ಲ, ನಂಬಿ ಕೊಟ್ಟವರಿಗೆ. ಒಂದು ಸಲ ಹೊರಬಿದ್ದ ವಿವರವನ್ನು ಹಿಂದಕ್ಕೆ ತರುವ ಉಪಾಯವಿಲ್ಲ. ಊರಿನ ಮುಖ್ಯಸ್ಥರೂ, ಭೂಮಾಲಿಕರೂ, ಸಂಘಗಳ ಆಡಳಿತದವರೂ ತಮ್ಮ ಗುಮಾಸ್ತರಿಗೆ ಈ ವಿಷಯವನ್ನು ಸ್ಪಷ್ಟವಾಗಿ ತಿಳಿಸಿ, ಕಡೆಯ ದಿನದವರೆಗೆ ಕಾಯದೆ ಮೊದಲೇ ಫೈಲುಗಳನ್ನು ಕಳುಹಿಸುವಂತೆ ಏರ್ಪಡಿಸತಕ್ಕದ್ದು. ವೇಳೆಯು ಕಡಿಮೆಯಾದಾಗಲೇ ಜನರು ಬಯಲು ಮಾರ್ಗವನ್ನು ಹಿಡಿಯುವರು.

ಸಾರಾಂಶ

1. ಪ್ರಾರಂಭದಲ್ಲಿಯೇ ನಿಂತರೆ ಗಾತ್ರದ ದೋಷ: ಪಿಂಗಿನಿಂದ ಅಳೆದು ಎಂ.ಟಿ.ಯು. ಅನ್ನು ಇಳಿಸುವುದು.

2. ಗೊತ್ತಾದ ವೇಳೆಗೆ ಕಡಿದರೆ ಅವಧಿಯ ದೋಷ: ಕೀಲಿಯ ಅವಧಿಯನ್ನೂ ಕಾಲಮಿತಿಯನ್ನೂ ವಿಚಾರಿಸಿ, ತುಂಡುಗಳಾಗಿ ಕಳುಹಿಸುವುದು.

3. ಗೊತ್ತುಗುರಿಯಿಲ್ಲದೆ ಕಡಿದರೆ ದಟ್ಟಣೆಯ ದೋಷ: ವೇಗವನ್ನು ಮಿತಗೊಳಿಸುವುದು, ತಂತಿಯನ್ನು ಉಪಯೋಗಿಸುವುದು, ಯು.ಡಿ.ಪಿ. ಕ್ರಮವನ್ನು ಆರಿಸುವುದು.

4. ಫೈಲು ಮುಟ್ಟಿದ ಮೇಲೆ ತಾಳೆ ನೋಡದೆ ಮೂಲಪ್ರತಿಯನ್ನು ಅಳಿಸಬಾರದು.

5. ಯಾವ ಕಾರಣಕ್ಕೂ ರೈತರ ದಾಖಲೆಗಳನ್ನು ಬಯಲು ಮಾರ್ಗದಲ್ಲಿ ಕಳುಹಿಸಬಾರದು.