ಹೆದರಿಸುವ ಸಂಗೀತಕ್ಕೆ ಕಿವಿಗೊಡುವುದು

ಪ್ರಶ್ನೆ: ಹಾರರ್ ಚಿತ್ರಗಳ ಕರ್ಕಶ ಹಿನ್ನೆಲೆಯನ್ನು ಸಂಗೀತವೆಂದು ಆಸ್ವಾದಿಸಬಹುದೇ?

ಉತ್ತರ: ಖಂಡಿತ. 1960ರ ‘ಸೈಕೋ’ ಚಿತ್ರದ ಸಂಗೀತ ಕೇಳಿ. ಸಂಗೀತ ಸಂಯೋಜಕ ಬರ್ನಾರ್ಡ್ ಹರ್ಮನ್ ಬಳಸಿದ್ದು ತಂತಿವಾದ್ಯಗಳನ್ನು ಮಾತ್ರ. ಡ್ರಮ್ ಇಲ್ಲ, ತುತ್ತೂರಿ ಇಲ್ಲ. ಬಚ್ಚಲುಮನೆಯ ಕೊಲೆಯ ದೃಶ್ಯಕ್ಕೆ ಸಂಗೀತವೇ ಬೇಡ ಎಂದಿದ್ದರು ನಿರ್ದೇಶಕ ಹಿಚ್‌ಕಾಕ್. ಆದರೂ ಹರ್ಮನ್ ಬರೆದರು; ಕೇಳಿದ ಮೇಲೆ ಹಿಚ್‌ಕಾಕ್ ಒಪ್ಪಿಕೊಂಡರು. ಅಲ್ಲಿ ಪಿಟೀಲುಗಳು ತಾರಸ್ಥಾಯಿಯಲ್ಲಿ ಒಂದೇ ಸ್ವರವನ್ನು ಮತ್ತೆ ಮತ್ತೆ ಚುಚ್ಚುತ್ತವೆ. ಅದರೊಂದಿಗೆ ಹೊಂದದ ಸ್ವರಗಳು ಒಂದೊಂದಾಗಿ ಕೆಳಗಿನಿಂದ ಸೇರುತ್ತಾ ಹೋಗುತ್ತವೆ. ಕಿವಿಗೆ ನಿಲ್ಲಲು ಷಡ್ಜವೇ ಸಿಗುವುದಿಲ್ಲ.

ನನಗೆ ಇದಕ್ಕಿಂತ ಹೆಚ್ಚು ಇಷ್ಟ, ನಾಯಕಿ ಹಣ ಕದ್ದು ಕಾರು ಓಡಿಸುವ ಭಾಗ. ತೆರೆಯ ಮೇಲೆ ರಸ್ತೆ, ಸ್ಟಿಯರಿಂಗ್, ಒಂದು ಮುಖ, ಅಷ್ಟೇ. ಅವಳ ಎದೆಯ ದಿಗಿಲನ್ನೆಲ್ಲ ಕಮಾನುಗಳೇ ಹೊತ್ತಿವೆ. ಚಿತ್ರ ನೋಡದೆ, ಮೊದಲು ಆ ತುಣುಕನ್ನೇ ಕೇಳಿ.