ಟ್ಯಾಂಕಿನ ಬಣ್ಣ, ಎಂಜಿನ್ನಿನ ಸಿಸಿ: ಕೋಲಾರದ ಸವಾರರ ನಂಬಿಕೆಗಳೂ ನಿಜಾಂಶಗಳೂ

ಬೆಂಗಳೂರಿನಿಂದ ಕೋಲಾರದ ಕಡೆ ಬರುವ ರಾಷ್ಟ್ರೀಯ ಹೆದ್ದಾರಿ 75ರಲ್ಲಿ, ಊರು ಸಿಗುವ ಮೊದಲೇ ನರಸಾಪುರ ಕೈಗಾರಿಕಾ ಪ್ರದೇಶ ಎದುರಾಗುತ್ತದೆ. ಹೋಂಡಾ ಕಂಪನಿಯ ದ್ವಿಚಕ್ರ ವಾಹನ ಕಾರ್ಖಾನೆ ಇಲ್ಲಿ 2013ರಿಂದ ನಡೆಯುತ್ತಿದೆ. ಬೈಕು ತಯಾರಾಗುವುದೇ ಮನೆ ಪಕ್ಕದಲ್ಲಿ ಎಂದಾದಾಗ, ಪರಿಚಯದವರೊಬ್ಬರು ಒಳಗಿದ್ದರೆ ಬೇಕಾದ ಬಣ್ಣ ಹಾಕಿಸಿಕೊಡುತ್ತಾರೆ ಎಂಬ ಆಸೆ ಹುಟ್ಟುವುದು ಸಹಜ. ಅದು ಆಗದ ಮಾತು. ಕಾರ್ಖಾನೆಯಲ್ಲಿ ಬಣ್ಣ ಬಳಿಯುವುದು ಒಬ್ಬ ಗಿರಾಕಿಗಾಗಿ ಅಲ್ಲ, ಸಾಲಿನಲ್ಲಿ ಬರುವ ಬಿಡಿಭಾಗಗಳ ಇಡೀ ತಂಡಕ್ಕೆ. ಯಾವ ಮಾದರಿಗೆ ಯಾವ ಬಣ್ಣ ಎಂಬುದು ಬೈಕು ಶೋರೂಂ ಮುಟ್ಟುವ ಎಷ್ಟೋ ಮೊದಲೇ ತೀರ್ಮಾನವಾಗಿರುತ್ತದೆ.

ಹಾಗೆಂದು ಕೊಳ್ಳುವವರಿಗೆ ಆಯ್ಕೆಯೇ ಇಲ್ಲ ಎಂದಲ್ಲ. ರಾಯಲ್ ಎನ್‌ಫೀಲ್ಡ್ 2020ರಲ್ಲಿ ಮೀಟಿಯೋರ್ 350 ಬಿಡುಗಡೆ ಮಾಡಿದಾಗ ‘ಮೇಕ್ ಇಟ್ ಯುವರ್ಸ್’ ಎಂಬ ಏರ್ಪಾಟನ್ನೂ ತಂದಿತು. ಬುಕ್ ಮಾಡುವಾಗಲೇ ಬಣ್ಣ, ಸೀಟು, ಕನ್ನಡಿ, ಗಾರ್ಡುಗಳನ್ನು ಮೊಬೈಲಿನಲ್ಲಿ ಆರಿಸಬಹುದು. ಆಯ್ಕೆ ಧಾರಾಳವಾಗಿದೆ, ಆದರೆ ಅದು ಕಂಪನಿಯ ಪಟ್ಟಿಯೊಳಗೇ. ಆ ಪಟ್ಟಿಯಲ್ಲಿ ಎಂಜಿನ್ ಇಲ್ಲ ಎಂಬುದನ್ನು ಗಮನಿಸಬೇಕು.

ಬಣ್ಣದ ವಿಷಯದಲ್ಲಿ ಎರಡು ತದ್ವಿರುದ್ಧ ನಂಬಿಕೆಗಳು ಒಟ್ಟಿಗೇ ಓಡಾಡುತ್ತವೆ. ಕೊಂಡ ಮೇಲೆ ಬಣ್ಣ ಬದಲಿಸಿದರೆ ಜೈಲೇ ಗತಿ ಎನ್ನುವವರಿದ್ದಾರೆ. ದುಡ್ಡು ಕೊಟ್ಟವನು ನಾನು, ಯಾರನ್ನು ಕೇಳಬೇಕು ಎನ್ನುವವರೂ ಇದ್ದಾರೆ. ಎರಡೂ ತಪ್ಪು. ಬಣ್ಣವು ನೋಂದಣಿ ಪತ್ರದಲ್ಲಿ, ಅಂದರೆ ಆರ್‌ಸಿಯಲ್ಲಿ, ಬರೆದಿರುವ ವಿವರ. ಬೈಕಿನ ಮೇಲೆ ಕೋಲಾರದ ಕೆಎ-07 ಇರಲಿ, ಕೆಜಿಎಫ್‌ನ ಕೆಎ-08 ಇರಲಿ, ಮೊದಲು ಆರ್‌ಟಿಓ ಕಚೇರಿಗೆ ಅರ್ಜಿ ಹಾಕಿ ಒಪ್ಪಿಗೆ ಪಡೆದು, ಬಣ್ಣ ಬಳಿಸಿದ ಮೇಲೆ ಬೈಕು ತೋರಿಸಿ ಆರ್‌ಸಿ ತಿದ್ದಿಸಿಕೊಳ್ಳಬೇಕು. ಸಾಲ ತೀರದಿದ್ದರೆ ಸಾಲ ಕೊಟ್ಟವರ ಒಪ್ಪಿಗೆಯೂ ಬೇಕು. ಇಡೀ ಬೈಕಿಗೆ ಬೇರೆ ಬಣ್ಣದ ಸ್ಟಿಕರ್ ಹೊದಿಸಿದರೂ ಲೆಕ್ಕ ಅದೇ: ಕಣ್ಣಿಗೆ ಕಾಣುವ ಬಣ್ಣವೂ ಕಾಗದದ ಬಣ್ಣವೂ ತಾಳೆಯಾಗಬೇಕು.

ಅರ್ಜಿ ಹಾಕಿದರೂ ಸಿಗದ ಬಣ್ಣವೊಂದಿದೆ. ಟೂರಿಂಗ್ ಬೈಕುಗಳಿಗೆ ಬಹಳ ಹುಡುಗರು ಬಯಸುವುದೂ ಅದನ್ನೇ: ಸೈನ್ಯದ ಆಲಿವ್ ಹಸಿರು. ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮ ಆ ಬಣ್ಣವನ್ನು ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ ಮೀಸಲಿಟ್ಟಿದೆ. ಈ ನಿಯಮ ಎಷ್ಟು ಗಟ್ಟಿ ಎಂಬುದಕ್ಕೆ 2018ರ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 500 ಪೆಗಾಸಸ್ ಸಾಕ್ಷಿ. ಎರಡನೇ ಮಹಾಯುದ್ಧದಲ್ಲಿ ವಿಮಾನದಿಂದ ಪ್ಯಾರಾಚೂಟಿನಲ್ಲಿ ಇಳಿಸುತ್ತಿದ್ದ ‘ಫ್ಲೈಯಿಂಗ್ ಫ್ಲೀ’ ಬೈಕಿನ ನೆನಪಿಗೆಂದು ಕಂಪನಿ ಜಗತ್ತಿಗೆಲ್ಲ ಸೇರಿ ಸಾವಿರ ಬೈಕುಗಳನ್ನಷ್ಟೇ ಮಾಡಿತ್ತು. ವಿದೇಶದಲ್ಲಿ ಕಂದು ಮತ್ತು ಆಲಿವ್ ಹಸಿರು ಎರಡೂ ಸಿಕ್ಕವು. ಭಾರತಕ್ಕೆ ಬಂದ 250 ಬೈಕುಗಳು ಅಷ್ಟೂ ಕಂದು. ತಯಾರಿಸಿದ ಕಂಪನಿಗೇ ಸಿಗದ ರಿಯಾಯಿತಿ ಮಾಲೂರಿನ ಪೇಂಟಿಂಗ್ ಅಂಗಡಿಗೆ ಸಿಗುವುದಿಲ್ಲ.

ಹೊಸ ಬೈಕಿಗೇ ಮತ್ತೆ ಬಣ್ಣ ಹೊಡೆಸಿದರೆ ಕಂಪನಿಯದಕ್ಕಿಂತ ಗಟ್ಟಿಯಾಗಿರುತ್ತದೆ ಎನ್ನುವುದೂ ಪೂರ್ತಿ ನಿಜವಲ್ಲ. ಕಾರ್ಖಾನೆಯಲ್ಲಿ ಲೋಹದ ಭಾಗಗಳನ್ನು ತೊಳೆದು, ಪದರದ ಮೇಲೆ ಪದರ ಕೊಟ್ಟು, ದೊಡ್ಡ ಒಲೆಗಳಲ್ಲಿ ಹೆಚ್ಚು ಶಾಖದಲ್ಲಿ ಬೇಯಿಸುತ್ತಾರೆ. ಹೊರಗಿನ ಅಂಗಡಿಯಲ್ಲಿ ಆ ಶಾಖ ಕೊಡಲಾಗದು, ಪ್ಲಾಸ್ಟಿಕ್ ಭಾಗಗಳೂ ವೈರುಗಳೂ ಅದನ್ನು ತಡೆಯುವುದಿಲ್ಲ. ಒಳ್ಳೆಯ ಕೈಗೆ ಸಿಕ್ಕರೆ ಕೆಲಸ ಚೆನ್ನಾಗಿಯೇ ಬರುತ್ತದೆ, ಆದರೆ ಆ ಭಾಗದ ಬಣ್ಣಕ್ಕೆ ಕಂಪನಿಯ ವಾರಂಟಿ ಅಲ್ಲಿಗೆ ಮುಗಿಯುತ್ತದೆ. ಮ್ಯಾಟ್ ಬಣ್ಣದಲ್ಲಿ ಗೀರು ಕಾಣುವುದಿಲ್ಲ ಎಂಬ ನಂಬಿಕೆಯಂತೂ ತಲೆಕೆಳಗು. ಹೊಳೆಯುವ ಬಣ್ಣದ ಸಣ್ಣ ಗೀರನ್ನು ಪಾಲಿಶ್ ಮಾಡಿ ತೆಗೆಯಬಹುದು. ಮ್ಯಾಟ್ ಮೇಲೆ ಉಜ್ಜಿದರೆ ಆ ಜಾಗವೇ ಹೊಳೆಯತೊಡಗಿ ಕಲೆಯಾಗಿ ಉಳಿಯುತ್ತದೆ. ಟೇಕಲ್ ಕಡೆಯ ಕಲ್ಲುಗಣಿಗಳ ದೂಳು ಕೂತ ಟ್ಯಾಂಕನ್ನು ಒಣಬಟ್ಟೆಯಲ್ಲಿ ಒರೆಸುವವರು, ಗಡಸು ಬೋರ್‌ವೆಲ್ ನೀರಲ್ಲಿ ತೊಳೆದು ಬಿಸಿಲಿಗೆ ಒಣಗಲು ಬಿಡುವವರು ಇದನ್ನು ಬೇಗನೆ ಕಾಣುತ್ತಾರೆ.

ಕಡು ಬಣ್ಣದ ಬೈಕಿಗಿಂತ ಹಳದಿ, ಕೆಂಪು ಬೈಕು ರಸ್ತೆಯಲ್ಲಿ ಸುರಕ್ಷಿತ ಎಂಬ ಮಾತೂ ಇದೆ. ನ್ಯೂಜಿಲೆಂಡಿನ ಆಕ್ಲೆಂಡ್ ಪ್ರದೇಶದಲ್ಲಿ ಇದನ್ನೇ ಹುಡುಕಿದ ಸಂಶೋಧಕರು 2004ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ಫಲಿತಾಂಶ ಬೇರೆಯೇ ಹೇಳುತ್ತದೆ. ಬೈಕಿನ ಮುಂಭಾಗದ ಬಣ್ಣಕ್ಕೂ ಅಪಘಾತದ ಅಪಾಯಕ್ಕೂ ನಂಟು ಕಾಣಲಿಲ್ಲ. ಕಪ್ಪು ಹೆಲ್ಮೆಟ್ಟಿನವರಿಗಿಂತ ಬಿಳಿ ಹೆಲ್ಮೆಟ್ಟಿನವರಿಗೆ ಅಪಾಯ ಶೇ. 24ರಷ್ಟು ಕಡಿಮೆ ಇತ್ತು. ಬೆಳಕು ಪ್ರತಿಫಲಿಸುವ ಜಾಕೆಟ್ ತೊಟ್ಟವರಿಗೆ ಶೇ. 37ರಷ್ಟು ಕಡಿಮೆ. ಬಣ್ಣಕ್ಕೆಂದು ತೆಗೆದಿಟ್ಟ ದುಡ್ಡಿನಲ್ಲಿ ಒಂದು ಪಾಲು ಹೆಲ್ಮೆಟ್ಟಿಗೂ ಜಾಕೆಟ್ಟಿಗೂ ಹೋಗಲೇಬೇಕು.

ಇನ್ನು ಎಂಜಿನ್. ಬಣ್ಣದಲ್ಲಿ ತಪ್ಪಿದರೆ ಹೋಗುವುದು ಹಣವೊಂದೇ. ಇಲ್ಲಿ ತಪ್ಪಿದರೆ ಹೋಗುವುದು ಅದಕ್ಕಿಂತ ದೊಡ್ಡದು.

‘ಈಗ 350 ತಗೊಳ್ಳೋಣ, ಆಮೇಲೆ ಬೋರ್ ಮಾಡಿಸಿ ದೊಡ್ಡ ಪಿಸ್ಟನ್ ಹಾಕಿಸೋಣ’ ಎಂಬ ಲೆಕ್ಕಾಚಾರ ಕಾನೂನಿನ ಮುಂದೆ ನಿಲ್ಲದು. ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಕ್ಕೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಮತ್ತೆ ಸ್ಪಷ್ಟಪಡಿಸಿತು. ಅದೇ ವರ್ಷದ ತಿದ್ದುಪಡಿ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಐದು ಸಾವಿರ ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆ, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿತು.

ಕಾನೂನನ್ನು ಬದಿಗಿಟ್ಟರೂ ಯಂತ್ರ ಒಪ್ಪುವುದಿಲ್ಲ. ರಾಯಲ್ ಎನ್‌ಫೀಲ್ಡ್‌ನ 349 ಸಿಸಿ ಎಂಜಿನ್ ಕೊಡುವುದು ಸುಮಾರು 20 ಅಶ್ವಶಕ್ತಿ. 2023ರ ಕೊನೆಗೆ ಬಂದ ಹಿಮಾಲಯನ್ 450ರ 452 ಸಿಸಿ ಎಂಜಿನ್ ಕೊಡುವುದು 40. ಸಿಸಿ ಹೆಚ್ಚಿದ್ದು ಮೂರನೇ ಒಂದು ಪಾಲಿಗಿಂತ ಕಡಿಮೆ, ಶಕ್ತಿ ದುಪ್ಪಟ್ಟು. ಆ ವ್ಯತ್ಯಾಸ ಪಿಸ್ಟನ್ನಿನ ಗಾತ್ರದಿಂದಷ್ಟೇ ಬಂದದ್ದಲ್ಲ. ನೀರಿನಿಂದ ತಣಿಯುವ ಎಂಜಿನ್, ನಾಲ್ಕು ವಾಲ್ವ್, ಆರು ಗೇರು, ಅದನ್ನು ತಾಳುವ ಹೊಸ ಚಾಸಿಸ್ ಎಲ್ಲ ಸೇರಿ ಬಂದದ್ದು. ಗಾಳಿಯಲ್ಲಿ ತಣಿಯುವ ಎಂಜಿನ್ನಿಗೆ ಪಿಸ್ಟನ್ ಒಂದನ್ನೇ ದೊಡ್ಡದು ಮಾಡಿದರೆ ಹೆಚ್ಚುವುದು ಮುಖ್ಯವಾಗಿ ಶಾಖ ಮತ್ತು ಸವೆತ. ಏಪ್ರಿಲ್ ಬಿಸಿಲಲ್ಲಿ ಶ್ರೀನಿವಾಸಪುರದಿಂದ ಮದನಪಲ್ಲಿ ಕಡೆ ಹೊರಟ ಬೈಕು ದಾರಿಯಲ್ಲಿ ಕೈಕೊಟ್ಟರೆ ವಾರಂಟಿಯೂ ಇರುವುದಿಲ್ಲ, ಸ್ವಂತ ವಾಹನದ ಹಾನಿಗೆ ವಿಮೆ ಕಂಪನಿ ಪರಿಹಾರ ನಿರಾಕರಿಸಲೂಬಹುದು.

ಸೈಲೆನ್ಸರ್ ಬದಲಿಸಿದರೆ ‘ಪವರ್’ ಬರುತ್ತದೆ ಎಂಬುದು ಇವೆಲ್ಲಕ್ಕಿಂತ ಹಠಮಾರಿ ನಂಬಿಕೆ. 2020ರ ಏಪ್ರಿಲ್‌ನಿಂದ ಮಾರಾಟವಾಗುವ ಬಿಎಸ್-6 ಬೈಕುಗಳಲ್ಲಿ ಹೊಗೆಯ ಆಮ್ಲಜನಕವನ್ನು ಅಳೆಯುವ ಸೆನ್ಸರ್, ಅದನ್ನು ನೋಡಿಕೊಂಡು ಪೆಟ್ರೋಲ್ ಹದಮಾಡುವ ಪುಟ್ಟ ಕಂಪ್ಯೂಟರ್, ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಮೂರೂ ಒಂದಕ್ಕೊಂದು ಹೊಂದಿಕೊಂಡಿವೆ. ಒಂದನ್ನು ಕಿತ್ತರೆ ಉಳಿದ ಎರಡರ ಲೆಕ್ಕ ತಪ್ಪುತ್ತದೆ. ಸದ್ದು ಜೋರಾದಾಗ ಓಟವೂ ಜೋರಾಯಿತೆಂದು ಕಿವಿ ನಂಬುತ್ತದೆ, ಅಷ್ಟೆ. ಅದರ ಬೆಲೆ ತೆರುವವರು ರಾತ್ರಿ ನಿದ್ದೆಗೆಡುವ ಊರಿನವರು.

ಅಮೆರಿಕದಲ್ಲಿ ಹಾರ್ಲೆ-ಡೇವಿಡ್ಸನ್ ಕೊಳ್ಳುವಾಗಲೇ ಎಂಜಿನ್ ಬಲಪಡಿಸಿ ಕೊಡುತ್ತಾರಲ್ಲ ಎನ್ನುವವರಿಗೆ ಆ ಕತೆಯ ಮುಂದಿನ ಭಾಗವೂ ಗೊತ್ತಿರಬೇಕು. ಹೊಗೆಯ ಮಿತಿ ಮೀರಿಸುವ ‘ಸೂಪರ್ ಟ್ಯೂನರ್’ ಮಾರಿದ್ದಕ್ಕೆ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯೊಂದಿಗೆ 2016ರ ಆಗಸ್ಟ್‌ನಲ್ಲಿ ರಾಜಿ ಮಾಡಿಕೊಂಡ ಹಾರ್ಲೆ, 1.2 ಕೋಟಿ ಡಾಲರ್ ದಂಡ ತೆರಲು ಒಪ್ಪಿ ಆ ಮಾರಾಟ ನಿಲ್ಲಿಸಿತು.

ಅಷ್ಟಕ್ಕೂ ಆ ಶಕ್ತಿ ಬೇಕಾಗುವುದೆಲ್ಲಿ? ಮುಳಬಾಗಿಲಿನ ದೋಸೆ ತಿಂದು ನಂಗಲಿ ದಾಟುವ ಹೆದ್ದಾರಿ 75ರಂಥ ನಾಲ್ಕು ಪಥದ ರಸ್ತೆಯಲ್ಲಿ ಬೈಕಿಗೆ ಕೇಂದ್ರ ಸರ್ಕಾರ 2018ರಲ್ಲಿ ಗೊತ್ತುಮಾಡಿದ ಗರಿಷ್ಠ ವೇಗ ಗಂಟೆಗೆ 80 ಕಿಲೋಮೀಟರ್. 350 ಸಿಸಿಯ ಯಾವ ಬೈಕಾದರೂ ಅದನ್ನು ಸಲೀಸಾಗಿ ಮುಟ್ಟುತ್ತದೆ. ಪಲಮನೇರು ದಾಟಿ ಮೊಗಿಲಿ ಘಾಟಿನ ಇಳಿಜಾರಿಗೆ ಬಂದಾಗ ಸವಾರನನ್ನು ಕಾಯುವುದು ಬ್ರೇಕು, ಟೈರು ಮತ್ತು ಎಬಿಎಸ್.

ದೊಡ್ಡ ಎಂಜಿನ್ ಬೇಕೆನಿಸಿದರೆ ಅದನ್ನು ಶೋರೂಂನಲ್ಲೇ ತೀರ್ಮಾನಿಸಬೇಕು, ಲೆಕ್ಕ ಹಾಕಿ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಅದನ್ನು ಮೀರಿದವಕ್ಕೆ ಶೇ. 40. ಮೂರನೇ ವ್ಯಕ್ತಿ ವಿಮೆಯಲ್ಲೂ ಗೆರೆ 350 ಸಿಸಿಯಲ್ಲೇ ಬೀಳುತ್ತದೆ: 2022ರ ದರದಂತೆ 150 ಸಿಸಿ ದಾಟಿ 350ರ ಒಳಗಿದ್ದರೆ ವರ್ಷಕ್ಕೆ 1,366 ರೂಪಾಯಿ, 350 ಮೀರಿದರೆ 2,804. ಹೊಸ ಬೈಕಿಗೆ ಈ ವಿಮೆಯನ್ನು ಐದು ವರ್ಷಕ್ಕೆ ಒಟ್ಟಿಗೇ ಕಟ್ಟಬೇಕು.